ಲಾಗ್ ಏಕೆ ಬರುತ್ತಿಲ್ಲ: ಒಂದು ಲೈಬ್ರರಿಯ ಕೈಪಿಡಿಯನ್ನು ಪರಿಷ್ಕರಿಸಿದ ಅನುಭವ

ಲಾಗ್ ಎಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಸಾಲು ಸಾಲಾಗಿ ಬರೆದಿಡುವ ದಾಖಲೆ; ಅದನ್ನು ಬರೆಯುವ ಸಿದ್ಧ ಕೋಡೇ ಲಾಗಿಂಗ್ ಲೈಬ್ರರಿ. ಅದರ ಕೈಪಿಡಿಯನ್ನು ಯಾರೂ ಬಿಡುವಿನ ವೇಳೆಯಲ್ಲಿ ಓದುವುದಿಲ್ಲ. ಪಾವತಿ ನಿಂತಿದೆ, ಗ್ರಾಹಕರ ದೂರು ಬಂದಿದೆ, ಏನು ನಡೆಯಿತೆಂದು ನೋಡಲು ಹೋದರೆ ಬೇಕಾದ ಸಾಲೇ ಲಾಗ್‌ನಲ್ಲಿ ಇಲ್ಲ. ಕೈಪಿಡಿಯನ್ನು ತೆರೆಯುವುದು ಆಗ. ನಮ್ಮ ಕಚೇರಿಯಲ್ಲಿ ಪೈಥಾನ್ ಭಾಷೆಯಲ್ಲಿ ಬರೆದ ಸೇವೆಗಳೆಲ್ಲ ಬಳಸುವ ಲಾಗಿಂಗ್ ಲೈಬ್ರರಿಯ ಡಾಕ್ಯುಮೆಂಟೇಶನ್ ಪರಿಷ್ಕರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಗಾಬರಿಯಲ್ಲಿರುವ ಈ ಓದುಗರನ್ನೇ ಎದುರಿಗಿಟ್ಟುಕೊಂಡು ಬರೆಯಬೇಕೆಂದು ನಿರ್ಧರಿಸಿದೆ. ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ ಹೊರಟವು.

ನಮ್ಮ ಲೈಬ್ರರಿ ದೊಡ್ಡದಲ್ಲ. ಪೈಥಾನ್‌ನೊಂದಿಗೇ ಬರುವ ಲಾಗಿಂಗ್ ಮಾಡ್ಯೂಲ್‌ನ ಮೇಲೆ ಹೊದಿಸಿದ ತೆಳುವಾದ ಪದರ ಅದು. ಪ್ರತಿ ಸಾಲನ್ನು ಜೇಸನ್ ರೂಪದಲ್ಲಿ (ಹೆಸರು-ಬೆಲೆಗಳ ಜೋಡಿಗಳಾಗಿ) ಬರೆಯುವುದು, ಸೇವೆಗೆ ಬರುವ ಪ್ರತಿ ವಿನಂತಿಗೂ ಒಂದು ಗುರುತಿನ ಸಂಖ್ಯೆ ಸೇರಿಸುವುದು, ಮೊಬೈಲ್ ಮತ್ತು ಕಾರ್ಡ್ ಸಂಖ್ಯೆಗಳನ್ನು ಮರೆಮಾಚುವುದು: ಅದರ ಕೆಲಸ ಇಷ್ಟೇ. ಉಳಿದದ್ದೆಲ್ಲ 2003ರಲ್ಲಿ ಪೈಥಾನ್ 2.3ರೊಂದಿಗೆ ಬಂದ ಮೂಲ ಮಾಡ್ಯೂಲ್‌ನದ್ದು. ಹಳೆಯ ಕೈಪಿಡಿಯಲ್ಲಿ ಕ್ಲಾಸ್ ಮತ್ತು ಫಂಕ್ಷನ್‌ಗಳ, ಅಂದರೆ ಕೋಡ್‌ನ ಬಿಡಿಭಾಗಗಳ, ಪಟ್ಟಿ ಇತ್ತು, ಕೋಡ್‌ನೊಳಗಿನ ವಿವರಣೆಗಳಿಂದ ತಾನೇ ತಯಾರಾದದ್ದು. ಅದರಲ್ಲಿದ್ದ ಪ್ರತಿ ವಾಕ್ಯವೂ ಸರಿಯಾಗಿತ್ತು. ಆದರೆ ಲಾಗ್ ಕಾಣದೆ ಒದ್ದಾಡುವವರಿಗೆ ಅದರಲ್ಲಿ ಉತ್ತರವಿರಲಿಲ್ಲ.

ಬರೆಯಲು ಕೂರುವ ಮೊದಲು ನಮ್ಮ ಚಾಟ್ ಗುಂಪಿನಲ್ಲಿ ಮತ್ತು ಟಿಕೆಟ್‌ಗಳಲ್ಲಿ ಜನ ಕೇಳಿದ್ದ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದೆ. ಅತಿ ಹೆಚ್ಚು ಬಂದದ್ದು ‘ಲಾಗ್ ಬರುತ್ತಿಲ್ಲ’ ಎಂಬುದು. ಅದರ ಹಿಂದೆ ‘ಒಂದೇ ಸಾಲು ಎರಡೆರಡು ಸಲ ಬರುತ್ತಿದೆ’, ‘ಸಮಯ ತಪ್ಪಾಗಿದೆ’, ‘ವಿನಂತಿಯ ಸಂಖ್ಯೆ ಕೆಲವು ಸಾಲುಗಳಲ್ಲಿ ಇಲ್ಲ’. ಯಾವ ಕ್ಲಾಸ್ ಯಾವುದರಿಂದ ಹುಟ್ಟಿದೆ ಎಂದು ಯಾರೊಬ್ಬರೂ ಕೇಳಿರಲಿಲ್ಲ. ಹಾಗಾಗಿ ಕ್ಲಾಸ್‌ಗಳ ಪಟ್ಟಿಯನ್ನು ಕೊನೆಗೆ ಸರಿಸಿ, ‘ಲಾಗ್ ಬರುತ್ತಿಲ್ಲ’ ಎಂಬ ಪುಟವನ್ನು ಮುಖಪುಟದ ಮೊದಲ ಕೊಂಡಿಯಾಗಿಸಿದೆ.

ಆ ಪುಟವೇ ಇಡೀ ಕೆಲಸದ ಬೆನ್ನೆಲುಬು. ಒಂದು ಲಾಗ್ ಸಾಲು ಹುಟ್ಟಿದ ಜಾಗದಿಂದ ಪರದೆಯವರೆಗೆ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ನಿಂತುಹೋಗಬಹುದು ಎಂಬುದನ್ನು ಒಂದು ಅಂಗಡಿಯ ಉದಾಹರಣೆಯಿಂದ ವಿವರಿಸಿದೆ. ಕೋಡ್‌ನ ಒಂದು ಭಾಗದಿಂದ ಲಾಗ್ ಸಾಲುಗಳನ್ನು ಪಡೆಯುವುದು ಲಾಗರ್. ‘ಅಂಗಡಿ’ ಎಂಬ ಲಾಗರ್, ಅದರ ಕೆಳಗೆ ‘ಅಂಗಡಿ.ಪಾವತಿ’, ಅದರ ಕೆಳಗೆ ‘ಅಂಗಡಿ.ಪಾವತಿ.ಯುಪಿಐ’. ಹೆಸರಿನಲ್ಲಿರುವ ಚುಕ್ಕೆಯೇ ತಾಯಿ-ಮಕ್ಕಳ ಸಂಬಂಧವನ್ನು ಹೇಳುತ್ತದೆ. ಎಲ್ಲಕ್ಕೂ ಮೇಲೆ ರೂಟ್ ಲಾಗರ್. ಪ್ರತಿ ಸಾಲಿಗೂ ಅದರ ಗಂಭೀರತೆಯನ್ನು ಹೇಳುವ ಒಂದು ಮಟ್ಟವಿದೆ; ಲಾಗರ್ ತನ್ನ ಮಟ್ಟಕ್ಕಿಂತ ಕೆಳಗಿನ ಸಾಲುಗಳನ್ನು ಬಿಟ್ಟುಬಿಡುತ್ತದೆ. ಯುಪಿಐ ಲಾಗರ್‌ಗೆ ಸ್ವಂತ ಮಟ್ಟವನ್ನು ಕೊಡದಿದ್ದರೆ ಅದು ಮೇಲಕ್ಕೆ ನೋಡುತ್ತಾ ಹೋಗಿ, ಮಟ್ಟ ನಿಗದಿಯಾಗಿರುವ ಮೊದಲ ಹಿರಿಯರಿಂದ ಅದನ್ನು ಪಡೆಯುತ್ತದೆ. ಯಾರೂ ಏನನ್ನೂ ಹೇಳದಿದ್ದರೆ ರೂಟ್‌ನ ಮಟ್ಟವಾದ ವಾರ್ನಿಂಗ್, ಅಂದರೆ 30. ಇನ್‌ಫೋ 20, ಡೀಬಗ್ 10. ಆದ್ದರಿಂದ ಅವೆರಡೂ ಸದ್ದಿಲ್ಲದೆ ಬಿದ್ದುಹೋಗುತ್ತವೆ. ನಮ್ಮಲ್ಲಿ ಬಂದ ದೂರುಗಳ ದೊಡ್ಡ ಪಾಲು ಇಲ್ಲಿಗೇ ಮುಗಿಯಿತು.

ಅನುಭವಿಗಳೂ ಎಡವುವುದು ಇದರ ಮುಂದಿನ ಹಂತದಲ್ಲಿ. ಯುಪಿಐ ಲಾಗರ್ ಒಮ್ಮೆ ಸಾಲನ್ನು ಒಪ್ಪಿಕೊಂಡ ಮೇಲೆ, ಅದು ಮೇಲಿನ ಲಾಗರ್‌ಗಳ ಹ್ಯಾಂಡ್ಲರ್‌ಗಳಿಗೆ, ಅಂದರೆ ಸಾಲನ್ನು ಪರದೆಗೋ ಫೈಲಿಗೋ ಬರೆಯುವ ಭಾಗಗಳಿಗೆ, ನೇರವಾಗಿ ಹೋಗುತ್ತದೆ. ಮೇಲಿನ ಲಾಗರ್‌ನ ಮಟ್ಟವನ್ನು ಅಲ್ಲಿ ಯಾರೂ ಮತ್ತೆ ಕೇಳುವುದಿಲ್ಲ. ಹ್ಯಾಂಡ್ಲರ್‌ನ ಮಟ್ಟವನ್ನು ಮಾತ್ರ ಕೇಳುತ್ತಾರೆ. ಅಂದರೆ ‘ಅಂಗಡಿ’ಯ ಮಟ್ಟವನ್ನು ಎರರ್‌ಗೆ ಏರಿಸಿದರೂ, ಸ್ವಂತವಾಗಿ ಡೀಬಗ್ ಮಟ್ಟವಿರುವ ಯುಪಿಐ ಲಾಗರ್‌ನ ಸಾಲುಗಳು ಅಂಗಡಿಯ ಹ್ಯಾಂಡ್ಲರ್‌ನಿಂದಲೇ ಧಾರಾಳವಾಗಿ ಹೊರಬರುತ್ತವೆ. ಎರಡೆರಡು ಸಲ ಬರುವ ಸಾಲಿನ ಕಾರಣವೂ ಇದೇ ದಾರಿಯಲ್ಲಿದೆ: ಕೆಳಗೂ ಒಂದು ಹ್ಯಾಂಡ್ಲರ್, ಮೇಲೂ ಒಂದು ಹ್ಯಾಂಡ್ಲರ್, ಸಾಲು ಎರಡನ್ನೂ ಮುಟ್ಟುತ್ತದೆ. ಇದಕ್ಕೊಂದು ಚಿತ್ರ ಬರೆದು ಪುಟದ ಮೇಲ್ಭಾಗದಲ್ಲಿ ಹಾಕಿದೆ. ಮಾತಿನಲ್ಲಿ ಎಷ್ಟು ಚೆನ್ನಾಗಿ ಹೇಳಿದರೂ ಚಿತ್ರವಿಲ್ಲದೆ ಇದು ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿನಂತಿಯ ಸಂಖ್ಯೆ ಕೆಲವು ಸಾಲುಗಳಲ್ಲಿ ಕಾಣೆಯಾಗುವುದೂ ಇದೇ ಕುಟುಂಬದ ಸಮಸ್ಯೆ. ಆ ಸಂಖ್ಯೆಯನ್ನು ಸೇರಿಸುವುದು ಒಂದು ಫಿಲ್ಟರ್, ಅಂದರೆ ಹಾದುಹೋಗುವ ಸಾಲನ್ನು ನೋಡಿ ತಿದ್ದುವ ಇಲ್ಲವೇ ತಡೆಯುವ ತುಣುಕು. ಅದನ್ನು ಲಾಗರ್‌ಗೆ ಸಿಕ್ಕಿಸಿದರೆ, ಆ ಲಾಗರ್‌ನಲ್ಲೇ ಹುಟ್ಟಿದ ಸಾಲುಗಳಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಮಕ್ಕಳಿಂದ ಮೇಲೆ ಬಂದ ಸಾಲುಗಳನ್ನು ಅದು ನೋಡುವುದೇ ಇಲ್ಲ. ಹ್ಯಾಂಡ್ಲರ್‌ಗೆ ಸಿಕ್ಕಿಸಿದರೆ ಆ ಹ್ಯಾಂಡ್ಲರ್ ಮೂಲಕ ಹೋಗುವ ಎಲ್ಲ ಸಾಲುಗಳನ್ನೂ ನೋಡುತ್ತದೆ. ಹಳೆಯ ಕೈಪಿಡಿಯಲ್ಲಿ ‘ಫಿಲ್ಟರ್ ಸೇರಿಸಿ’ ಎಂದಷ್ಟೇ ಇತ್ತು. ‘ಫಿಲ್ಟರನ್ನು ಹ್ಯಾಂಡ್ಲರ್‌ಗೆ ಸೇರಿಸಿ, ಲಾಗರ್‌ಗೆ ಅಲ್ಲ’ ಎಂದು ತಿದ್ದಿ, ಕಾರಣವನ್ನು ಕೆಳಗೆ ಬರೆದೆ.

ಇನ್ನೆರಡು ಬಲೆಗಳಿಗೂ ಅದೇ ಪುಟದಲ್ಲಿ ಜಾಗ ಕೊಟ್ಟೆ. ಮೊದಲನೆಯದು ಲಾಗಿಂಗ್‌ನ ಸಂರಚನೆಯನ್ನು (ಸೆಟ್ಟಿಂಗ್‌ಗಳನ್ನು) ಒಂದೇ ಸಲಕ್ಕೆ ಮಾಡುವ ‘ಬೇಸಿಕ್ ಕಾನ್ಫಿಗ್’ ಫಂಕ್ಷನ್. ರೂಟ್ ಲಾಗರ್‌ಗೆ ಆಗಲೇ ಒಂದು ಹ್ಯಾಂಡ್ಲರ್ ಇದ್ದರೆ ಅದು ಏನನ್ನೂ ಮಾಡದೆ, ಯಾವ ಎಚ್ಚರಿಕೆಯನ್ನೂ ಕೊಡದೆ ಹಿಂದಿರುಗುತ್ತದೆ. ನೀವು ಹ್ಯಾಂಡ್ಲರ್ ಹಾಕಿಲ್ಲದಿರಬಹುದು. ಆದರೆ ಅದಕ್ಕಿಂತ ಮೊದಲು ಯಾವುದೋ ಮಾಡ್ಯೂಲ್ ‘ಲಾಗಿಂಗ್.ವಾರ್ನಿಂಗ್’ ಎಂದು ನೇರವಾಗಿ ಕರೆದಿದ್ದರೆ ಸಾಕು, ಹ್ಯಾಂಡ್ಲರ್ ತಾನಾಗಿಯೇ ಹುಟ್ಟಿಕೊಂಡಿರುತ್ತದೆ. ಪೈಥಾನ್ 3.8ರಿಂದ ‘ಫೋರ್ಸ್’ ಎಂಬ ಆಯ್ಕೆ ಇದೆ; ಅದು ಹಳೆಯ ಹ್ಯಾಂಡ್ಲರ್‌ಗಳನ್ನು ತೆಗೆದು ಹೊಸದನ್ನು ಹಾಕುತ್ತದೆ. ಎರಡನೆಯದು, ಡಿಕ್ಷನರಿಯ (ಹೆಸರು-ಬೆಲೆಗಳ ಪಟ್ಟಿಯ) ಮೂಲಕ ಸಂರಚನೆ ಕೊಡುವಾಗ ಇರುವ ‘ಡಿಸೇಬಲ್ ಎಕ್ಸಿಸ್ಟಿಂಗ್ ಲಾಗರ್ಸ್’, ಅಂದರೆ ಈಗಾಗಲೇ ಇರುವ ಲಾಗರ್‌ಗಳನ್ನು ನಿಲ್ಲಿಸುವ ಆಯ್ಕೆ. ನೀವು ಮುಟ್ಟದಿದ್ದರೆ ಅದರ ಬೆಲೆ ‘ಟ್ರೂ’, ಅಂದರೆ ಹೌದು. ಸಂರಚನೆಗೆ ಮುಂಚೆಯೇ ಹುಟ್ಟಿದ, ಸಂರಚನೆಯಲ್ಲಿ ತನ್ನ ಅಥವಾ ತನ್ನ ಹಿರಿಯರ ಹೆಸರಿಲ್ಲದ ಲಾಗರ್‌ಗಳೆಲ್ಲ ಆ ಕ್ಷಣ ಬಾಯಿ ಮುಚ್ಚುತ್ತವೆ. ಮಾಡ್ಯೂಲ್‌ನ ತಲೆಯಲ್ಲೇ ಲಾಗರ್ ಪಡೆಯುವುದು ಎಲ್ಲರ ರೂಢಿಯಾದ್ದರಿಂದ, ಇಂಪೋರ್ಟ್‌ನ, ಅಂದರೆ ಮಾಡ್ಯೂಲ್‌ಗಳನ್ನು ಒಳತರುವ, ಕ್ರಮ ಬದಲಾದರೆ ಲಾಗ್ ಮಾಯವಾಗುತ್ತದೆ. ನಮ್ಮ ಕೈಪಿಡಿಯ ಎಲ್ಲ ಉದಾಹರಣೆಗಳಲ್ಲೂ ಅದನ್ನು ‘ಫಾಲ್ಸ್’ ಎಂದು ಬರೆದಿದ್ದೇನೆ, ಪ್ರತಿ ಸಲವೂ. ಪುನರಾವರ್ತನೆ ಬೇಸರ ತರುತ್ತದೆ ಎಂದು ಒಬ್ಬ ಹಿರಿಯ ಸಹೋದ್ಯೋಗಿ ಆಕ್ಷೇಪಿಸಿದರು. ಆದರೆ ಜನ ಉದಾಹರಣೆಯನ್ನು ಓದುವುದಿಲ್ಲ, ನಕಲು ಮಾಡಿಕೊಳ್ಳುತ್ತಾರೆ. ನಕಲಾಗುವ ತುಣುಕಿನೊಳಗೆ ಇಲ್ಲದ್ದು ಅವರ ಕೋಡ್‌ನಲ್ಲೂ ಇರುವುದಿಲ್ಲ. ಈ ಮಾತನ್ನು ಅವರು ಒಪ್ಪಿದರು.

ಉದಾಹರಣೆಗಳ ವಿಷಯಕ್ಕೆ ಬಂದರೆ, ಓಡಿಸಿ ನೋಡದ ಉದಾಹರಣೆಗೆ ಕೈಪಿಡಿಯಲ್ಲಿ ಜಾಗವಿಲ್ಲ ಎಂಬುದು ನನ್ನ ನಿಯಮ. ಪೈಥಾನ್‌ನ ಡಾಕ್‌ಟೆಸ್ಟ್ ಮಾಡ್ಯೂಲ್ ಪುಟದಲ್ಲಿರುವ ಕೋಡನ್ನು ಓಡಿಸಿ, ಬಂದ ಫಲಿತಾಂಶವನ್ನು ಪುಟದಲ್ಲಿ ಬರೆದದ್ದಕ್ಕೆ ಹೋಲಿಸುತ್ತದೆ. ಲಾಗಿಂಗ್‌ಗೆ ಅದನ್ನು ಹೊಂದಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಪ್ರೋಗ್ರಾಂ ಬರೆಯಲು ಎರಡು ದಾರಿಗಳಿವೆ: ಸಾಮಾನ್ಯ ಫಲಿತಾಂಶಕ್ಕೆ ಸ್ಟ್ಯಾಂಡರ್ಡ್ ಔಟ್‌ಪುಟ್, ದೋಷ ಮತ್ತು ಎಚ್ಚರಿಕೆಗಳಿಗೆ ಸ್ಟ್ಯಾಂಡರ್ಡ್ ಎರರ್. ಡಾಕ್‌ಟೆಸ್ಟ್ ಹಿಡಿದಿಟ್ಟುಕೊಳ್ಳುವುದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಂದದ್ದನ್ನು ಮಾತ್ರ. ಲಾಗಿಂಗ್ ಬರೆಯುವುದು, ಬೇರೆ ಹೇಳದಿದ್ದರೆ, ಸ್ಟ್ಯಾಂಡರ್ಡ್ ಎರರ್‌ಗೆ. ಹಾಗಾಗಿ ಫಲಿತಾಂಶವನ್ನು ಬರೆಯದೆ ಬಿಟ್ಟ ಲಾಗ್ ಉದಾಹರಣೆಗಳೆಲ್ಲ, ಅವು ಏನನ್ನು ಮುದ್ರಿಸಿದರೂ, ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಪ್ರತಿ ಪುಟದ ಆರಂಭದಲ್ಲಿ ಹ್ಯಾಂಡ್ಲರನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ತಿರುಗಿಸಿದೆ. ಆಗ ಮೊದಲ ಪುಟ ಸರಿಹೋಯಿತು, ಎರಡನೆಯದು ಕೆಟ್ಟಿತು. ಪುಟಗಳೆಲ್ಲ ಒಂದೇ ಪ್ರಕ್ರಿಯೆಯಲ್ಲಿ (ಚಾಲನೆಯಲ್ಲಿರುವ ಒಂದೇ ಪ್ರೋಗ್ರಾಂನಲ್ಲಿ) ಓಡುತ್ತಿದ್ದುದರಿಂದ ಮೊದಲ ಪುಟದ ಹ್ಯಾಂಡ್ಲರ್ ರೂಟ್‌ನಲ್ಲೇ ಉಳಿದಿತ್ತು, ಎರಡನೆಯ ಪುಟದ ಬೇಸಿಕ್ ಕಾನ್ಫಿಗ್ ಸುಮ್ಮನೆ ಹಿಂದಿರುಗುತ್ತಿತ್ತು. ಪುಟದಲ್ಲಿ ನಾನು ವಿವರಿಸಿದ್ದ ಬಲೆಯೇ ಪರೀಕ್ಷೆಯಲ್ಲಿ ಕಣ್ಣೆದುರು ಬಂದು ನಿಂತಿತು! ಫೋರ್ಸ್ ಸೇರಿಸಿದ ಮೇಲೆ ಎಲ್ಲವೂ ಹಸಿರಾಯಿತು, ಅಂದರೆ ತೇರ್ಗಡೆಯಾಯಿತು. ಸಮಯ ಪ್ರತಿ ಸಲ ಬದಲಾಗುವುದರಿಂದ ಪರೀಕ್ಷೆಗೆ ಒಳಪಡುವ ಉದಾಹರಣೆಗಳಲ್ಲಿ ಸಮಯದ ಭಾಗವನ್ನು ಬಿಟ್ಟಿದ್ದೇನೆ.

ಸಮಯಕ್ಕೇ ಒಂದು ಪುಟ ಬೇಕಾಯಿತು. ಪೈಥಾನ್ ಲಾಗಿಂಗ್ ಸಾಮಾನ್ಯವಾಗಿ ಯಂತ್ರದ ಸ್ಥಳೀಯ ಸಮಯವನ್ನು ಬರೆಯುತ್ತದೆ, ಅದು ಯಾವ ವಲಯದ ಸಮಯವೆಂದು ಹೇಳುವುದಿಲ್ಲ. ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಭಾರತೀಯ ಕಾಲಮಾನ, ಸರ್ವರ್‌ನಲ್ಲಿ ಸೇವೆಗಳು ಓಡುವ ಪ್ರತ್ಯೇಕ ಆವರಣಗಳಾದ ನಮ್ಮ ಕಂಟೇನರ್‌ಗಳಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ. ಎರಡರ ನಡುವೆ ಐದೂವರೆ ಗಂಟೆ. ಬೆಳಿಗ್ಗೆ 4ಕ್ಕೆ ಆದ ಘಟನೆಯನ್ನು ಹುಡುಕುವವರು ಹಿಂದಿನ ದಿನಾಂಕದ 22.30ರ ಸಾಲುಗಳನ್ನು ನೋಡಬೇಕು ಎಂಬುದು ನಿದ್ದೆಗಣ್ಣಿನಲ್ಲಿ ಹೊಳೆಯುವ ಸಂಗತಿಯಲ್ಲ. ಎಲ್ಲ ಸೇವೆಗಳೂ ಯುಟಿಸಿಯಲ್ಲೇ, ವಲಯದ ಗುರುತಿನೊಂದಿಗೇ ಬರೆಯಬೇಕೆಂದು ಹೇಳಿ, ಇದೇ 4 ಗಂಟೆಯ ಉದಾಹರಣೆಯನ್ನು ಪುಟದಲ್ಲಿ ಲೆಕ್ಕ ಸಮೇತ ಕೊಟ್ಟೆ.

ಕರಡು ಸಿದ್ಧವಾದ ಮೇಲೆ, ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳಿಗೆ ಉದ್ದೇಶಪೂರ್ವಕವಾಗಿ ಕೆಡಿಸಿದ ಒಂದು ಸೇವೆಯನ್ನು ಕೊಟ್ಟು, ‘ಕೈಪಿಡಿ ಮಾತ್ರ ನೋಡಿ ಲಾಗ್ ಬರಿಸಮ್ಮಾ’ ಎಂದೆ. ನಾನು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತೆ. ಅವಳು ಪೀಠಿಕೆಯನ್ನು ಓದಲಿಲ್ಲ. ಪರದೆಯಲ್ಲಿ ಕಂಡ ಅಕ್ಷರಗಳನ್ನೇ ಹುಡುಕುವ ಜಾಗಕ್ಕೆ ಅಂಟಿಸಿದಳು. ಏನೂ ಸಿಗದಿದ್ದಾಗ ಶೀರ್ಷಿಕೆಗಳ ಮೇಲೆ ಕಣ್ಣು ಓಡಿಸಿದಳು. ‘ಸಂರಚನೆಯ ಆದ್ಯತೆಗಳು’ ಎಂಬ ನನ್ನ ಶೀರ್ಷಿಕೆಯನ್ನು ದಾಟಿಹೋದಳು, ಅವಳಿಗೆ ಬೇಕಾದ ಉತ್ತರ ಅದರ ಕೆಳಗೇ ಇತ್ತು. ಅಂದೇ ಶೀರ್ಷಿಕೆಗಳನ್ನೆಲ್ಲ ‘ಡೀಬಗ್ ಸಾಲುಗಳು ಕಾಣುತ್ತಿಲ್ಲ’, ‘ವಾರ್ನಿಂಗ್ ಬರುತ್ತಿದೆ, ಇನ್‌ಫೋ ಬರುತ್ತಿಲ್ಲ’ ಎಂಬಂತೆ ಲಕ್ಷಣಗಳಾಗಿ ಬದಲಾಯಿಸಿದೆ. ದೋಷದ ಸಂದೇಶಗಳನ್ನು ಪರದೆಯಲ್ಲಿ ಕಾಣುವಂತೆಯೇ, ಒಂದಕ್ಷರವನ್ನೂ ಬದಲಿಸದೆ ಸೇರಿಸಿದೆ. ಹ್ಯಾಂಡ್ಲರ್ ಇಲ್ಲವೆಂದು ಪೈಥಾನ್ 2 ಹೇಳುತ್ತಿದ್ದ ಸಂದೇಶ ಈಗ ಬರುವುದಿಲ್ಲ, 3.2ರಿಂದ ಅಂಥ ಸಂದರ್ಭದಲ್ಲಿ ವಾರ್ನಿಂಗ್ ಮತ್ತು ಅದಕ್ಕೂ ಮೇಲಿನ ಸಾಲುಗಳು ಯಾವ ವಿನ್ಯಾಸವೂ ಇಲ್ಲದೆ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತವೆ. ಬರಿಯ ವಾಕ್ಯ ಮಾತ್ರ, ಸಮಯವಿಲ್ಲ, ಮಟ್ಟದ ಹೆಸರಿಲ್ಲ. ಈ ಬರಿಯ ಸಾಲೇ ‘ಸಂರಚನೆ ಓಡಿಲ್ಲ’ ಎಂಬುದರ ಕುರುಹು ಎಂದು ತಿಳಿಸಿದ ಪ್ಯಾರಾ ಬಹಳ ಜನರಿಗೆ ನೆರವಾಗಿದೆ.

ಸೇರಿಸುವುದಕ್ಕಿಂತ ಅಳಿಸುವುದಕ್ಕೆ ಹೆಚ್ಚು ಧೈರ್ಯ ಬೇಕಾಯಿತು. ಜಾವಾ ಸೇವೆಗಳಿಗೆಂದು ಯಾರೋ ಬರೆದಿಟ್ಟಿದ್ದ ಪುಟವೊಂದರಲ್ಲಿ ಜಾವಾದ ಲಾಗಿಂಗ್ ಲೈಬ್ರರಿಯಾದ ಲಾಗ್‌ಫೋರ್‌ಜೆ ಬಗ್ಗೆ ಹಳೆಯ ಸಲಹೆ ಇತ್ತು. 2021ರ ಡಿಸೆಂಬರ್‌ನಲ್ಲಿ ಅದರಲ್ಲಿದ್ದ ಲಾಗ್‌ಫೋರ್‌ಶೆಲ್ ಎಂಬ ಭದ್ರತಾ ದೋಷ ಬಯಲಾದಾಗ, ಸಂದೇಶದೊಳಗಿನ ಲುಕಪ್‌ಗಳನ್ನು (ಬರೆದ ಗುರುತಿನ ಜಾಗದಲ್ಲಿ ಬೇರೆಡೆಯಿಂದ ಬೆಲೆ ತಂದು ತುಂಬುವುದನ್ನು) ನಿಲ್ಲಿಸುವ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಸಾಕೆಂದು ಮೊದಲು ಹೇಳಲಾಯಿತು. ಕೆಲವೇ ದಿನಗಳಲ್ಲಿ ಅದು ಸಾಲದೆಂದು ಗೊತ್ತಾಗಿ, ಆವೃತ್ತಿ 2.15.0ರ ಬೆನ್ನಿಗೇ 2.16.0, 2.17.0, 2.17.1 ಬಂದವು. ಮೂಲ ಯೋಜನೆ ತನ್ನ ಸಲಹೆಯನ್ನು ತಿದ್ದಿಕೊಂಡಿತು. ಆದರೆ ಆ ಮೊದಲ ಸಲಹೆಯನ್ನು ನಕಲು ಮಾಡಿಕೊಂಡ ಆಂತರಿಕ ಪುಟಗಳು ಹಾಗೆಯೇ ಉಳಿದವು. ಭದ್ರತೆಯ ವಿಷಯದಲ್ಲಿ ಹಳತಾದ ಪುಟ ಖಾಲಿ ಪುಟಕ್ಕಿಂತ ಅಪಾಯಕಾರಿ, ಏಕೆಂದರೆ ಓದಿದವರು ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಇರುತ್ತಾರೆ. ಆ ಪುಟವನ್ನು ಅಳಿಸಿ ಮೂಲ ಯೋಜನೆಯ ಭದ್ರತಾ ಪುಟಕ್ಕೆ ಕೊಂಡಿ ಕೊಟ್ಟೆ. ಉಳಿದ ಪ್ರತಿ ಪುಟದ ತಲೆಯಲ್ಲೂ ಅದು ಲೈಬ್ರರಿಯ ಯಾವ ಆವೃತ್ತಿಗೆ ಸಲ್ಲುತ್ತದೆ ಎಂಬುದು ಈಗ ಇದೆ.

ಪುಟಗಳು ಕೋಡ್ ಇರುವ ರೆಪೊಸಿಟರಿಯಲ್ಲೇ ಇವೆ. ಕೈಪಿಡಿಗಳನ್ನು ತಯಾರಿಸುವ ಸ್ಫಿಂಕ್ಸ್ ಎಂಬ ಉಪಕರಣ ಅವುಗಳನ್ನು ಕಟ್ಟುವಾಗ ಒಂದೇ ಒಂದು ಎಚ್ಚರಿಕೆ ಬಂದರೂ ಬಿಲ್ಡ್ ನಿಲ್ಲುತ್ತದೆ. ಕೋಡ್‌ನ ನಡವಳಿಕೆ ಬದಲಾಗಿ ಪುಟ ಬದಲಾಗದಿದ್ದರೆ ನಾನು ಒಪ್ಪಿಗೆ ಕೊಡುವುದಿಲ್ಲ.

ಈಗ ಬರೆಯುತ್ತಿರುವುದು ಹಲವು ಪ್ರಕ್ರಿಯೆಗಳು ಒಂದೇ ಫೈಲಿಗೆ ಬರೆಯುವ ಸಮಸ್ಯೆಯ ಪುಟ. ಇದಕ್ಕೆ ಪೈಥಾನ್‌ನ ಲಾಗಿಂಗ್‌ನಲ್ಲಿ ಬೆಂಬಲವಿಲ್ಲ. ಫೈಲ್ ದೊಡ್ಡದಾದಾಗ ಒಂದು ಪ್ರಕ್ರಿಯೆ ಅದರ ಹೆಸರು ಬದಲಿಸಿದರೆ, ಉಳಿದವು ಹಳೆಯ ಫೈಲಿಗೇ ಬರೆಯುತ್ತಿರುತ್ತವೆ. ಕಂಟೇನರ್‌ಗಳಲ್ಲಿ ಫೈಲೇ ಬೇಡ, ಸ್ಟ್ಯಾಂಡರ್ಡ್ ಔಟ್‌ಪುಟ್ ಸಾಕು ಎಂಬುದು ನಮ್ಮ ಉತ್ತರ. ಹಳೆಯ ಸರ್ವರ್‌ಗಳಲ್ಲಿ ಫೈಲ್ ಬಿಡಲಾಗದ ತಂಡಗಳಿಗೆ ಸಾಲುಗಳನ್ನು ಸರದಿಯಲ್ಲಿ ಇಡುವ ಕ್ಯೂ ಹ್ಯಾಂಡ್ಲರ್ ಬಳಸಿ, ಎಲ್ಲ ಸಾಲುಗಳನ್ನೂ ಒಂದೇ ಪ್ರಕ್ರಿಯೆಗೆ ಕಳುಹಿಸುವ ಉದಾಹರಣೆ ಲಿನಕ್ಸ್‌ನಲ್ಲಿ ಸರಿಯಾಗಿ ಓಡುತ್ತಿದೆ. ವಿಂಡೋಸ್‌ನಲ್ಲಿ ಹೊಸ ಪ್ರಕ್ರಿಯೆ ಶುರುವಾಗುವ ರೀತಿಯೇ ಬೇರೆಯಾದ್ದರಿಂದ, ಅಲ್ಲಿಯೂ ಓಡಿಸಿ ನೋಡಿದ ಮೇಲೆ ಪುಟವನ್ನು ಸೇರಿಸುತ್ತೇನೆ.