ವಿದೇಶದಲ್ಲಿ ಇಂಗ್ಲಿಷ್ ಮೇಷ್ಟರಾಗಲು: ಕಾಂಟ್ರ್ಯಾಕ್ಟ್, ಕಾಗದಪತ್ರ, ಮೊದಲ ಪಾಠ

ಕೆಲಸದ ಆಫರ್ ಬಂದ ಕೂಡಲೇ ಕಣ್ಣು ಹೋಗುವುದು ಸಂಬಳದ ಸಾಲಿಗೆ. ಅದಕ್ಕೂ ಮೊದಲು ಗಂಟೆಗಳ ಸಾಲನ್ನು ಓದಿ. ‘ವಾರಕ್ಕೆ 30 ಗಂಟೆ ಪಾಠ, ಅದಕ್ಕೆ ಮೇಲಾದರೆ ಓವರ್‌ಟೈಮ್’ ಎಂದಿದೆ ಅಂದುಕೊಳ್ಳಿ. ಪೀರಿಯಡ್ 40 ನಿಮಿಷದ್ದಾಗಿದ್ದು, ಸಂಸ್ಥೆಯವರು ತರಗತಿಯೊಳಗಿನ ನಿಮಿಷಗಳನ್ನಷ್ಟೇ ಲೆಕ್ಕ ಹಿಡಿದರೆ 30 ಗಂಟೆಗೆ 45 ಪೀರಿಯಡ್ ಆಯಿತು. ದಿನಕ್ಕೆ ಒಂಬತ್ತು! ಅಷ್ಟು ಮಾಡಿದರೂ ಓವರ್‌ಟೈಮ್ ಒಂದು ಪೈಸೆ ಇಲ್ಲ. ಆದ್ದರಿಂದ ‘ವಾರಕ್ಕೆ ಗರಿಷ್ಠ ಎಷ್ಟು ಪೀರಿಯಡ್, ಒಂದೊಂದು ಎಷ್ಟು ನಿಮಿಷ, ಪಾಠವಿಲ್ಲದ ಹೊತ್ತಿನಲ್ಲೂ ಶಾಲೆಯಲ್ಲೇ ಇರಬೇಕೇ’ ಎಂದು ಕೇಳಿ. ಉತ್ತರವನ್ನು ಕಾಂಟ್ರ್ಯಾಕ್ಟಿನಲ್ಲೇ ಬರೆಸಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಬೆಳಿಗ್ಗೆ ಏಳಕ್ಕೆ ಒಂದು ಪಾಠ, ರಾತ್ರಿ ಎಂಟಕ್ಕೆ ಇನ್ನೊಂದು ಇರುವ ವೇಳಾಪಟ್ಟಿ ಕಾಗದದ ಮೇಲೆ ಹಗುರ, ಬದುಕಿಗೆ ಭಾರ. ವಿದ್ಯಾರ್ಥಿ ಬಾರದೆ ಪಾಠ ರದ್ದಾದರೆ ಸಂಬಳ ಉಂಟೋ ಇಲ್ಲವೋ, ವಿಮಾನದ ಟಿಕೆಟ್ ಹಣ ಯಾವಾಗ ಕೊಡುತ್ತಾರೆ, ನಡುವೆ ಬಿಟ್ಟರೆ ಎಷ್ಟು ಕಡಿತ, ಇವೂ ಬರಹದಲ್ಲಿರಲಿ. ದಕ್ಷಿಣ ಕೊರಿಯಾದಲ್ಲಿ ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಸುಮಾರು ಒಂದು ತಿಂಗಳ ಸಂಬಳದಷ್ಟು ನಿವೃತ್ತಿ ಹಣ ಕೊಡಲೇಬೇಕು ಎಂಬ ಕಾನೂನಿದೆ. ಹಾಗಾಗಿ ಅಲ್ಲಿ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಕಂಡರೆ ಯಾಕೆಂದು ಕೇಳಿ.

ವೀಸಾ ವಿಷಯದಲ್ಲಿ ಮೊದಲು ನೋಡಬೇಕಾದ್ದು ನಿಮ್ಮ ಪಾಸ್‌ಪೋರ್ಟ್. ಕೊರಿಯಾದ ಖಾಸಗಿ ಇಂಗ್ಲಿಷ್ ಅಕಾಡೆಮಿಗಳಲ್ಲಿ ಕಲಿಸುವವರಿಗೆ ಇರುವ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಿಗೆ ಮಾತ್ರ. ಎಷ್ಟೇ ಚೆನ್ನಾಗಿ ಇಂಗ್ಲಿಷ್ ಬಂದರೂ ಈ ಪಟ್ಟಿ ಸಡಿಲವಾಗುವುದಿಲ್ಲ. ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆಯೇ ಇದನ್ನು ಖಚಿತ ಮಾಡಿಕೊಳ್ಳಿ. ಕೋರ್ಸ್ ಸಾಮಾನ್ಯವಾಗಿ 120 ಗಂಟೆಯದ್ದು ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಮುಗಿಯುವ ಎಷ್ಟೋ ಕೋರ್ಸುಗಳಲ್ಲಿ ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡುವುದಿಲ್ಲ. ಕೇಂಬ್ರಿಡ್ಜ್ ಕೊಡುವ ಸೆಲ್ಟಾ ಎಂಬ ಸರ್ಟಿಫಿಕೇಟ್ ಕೋರ್ಸಿನಲ್ಲಿ ಕನಿಷ್ಠ ಆರು ಗಂಟೆ ನಿಜವಾದ ತರಗತಿಗೆ ಪಾಠ ಮಾಡಿ ತೋರಿಸಬೇಕು. ಕೈಗೆಟಕುವಂತಿದ್ದರೆ ಅದೇ ವಾಸಿ.

ಪದವಿ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ಕಾಗದ ಅಸಲಿ ಎಂದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸರ್ಕಾರ ಹಾಕುವ ಮುದ್ರೆ) ಮೊದಲು ಮಾಡಿಸಿ, ಪೊಲೀಸ್ ಕ್ಲಿಯರೆನ್ಸ್ ಕೊನೆಗೆ. ಪೊಲೀಸ್ ಪತ್ರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹಳೆಯದಾಗಿರಬಾರದು ಎನ್ನುತ್ತಾರೆ. ಅವಸರದಲ್ಲಿ ಅದನ್ನೇ ಮೊದಲು ತೆಗೆದರೆ ಉಳಿದವು ಸಿದ್ಧವಾಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಚೀನಾ 2023ರ ನವೆಂಬರ್ 7ರಿಂದ ಅಪೊಸ್ಟಿಲ್ ಒಪ್ಪುತ್ತಿದೆ, ಆದರೆ ಭಾರತದ ಕಾಗದಕ್ಕೂ ಅದು ಸಾಕೇ ಎಂದು ರಾಯಭಾರ ಕಚೇರಿಯಲ್ಲಿ ಕೇಳಿಕೊಳ್ಳಿ. ಅಪೊಸ್ಟಿಲ್ ಒಪ್ಪಂದಕ್ಕೆ ಸೇರದ ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆಯೇ ಬೇಕು, ಅದು ನಿಧಾನ. ಪದವಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆಗಿರಲಿ.

‘ಈಗ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಸರಿ ಮಾಡೋಣ’ ಎಂದು ಹೇಳುವವರಿಗೆ ಇಲ್ಲ ಎನ್ನಿ. ಸಿಕ್ಕಿಬಿದ್ದರೆ ಗಡೀಪಾರಾಗುವವರು ನೀವು.

ಇಳಿದ ಮೇಲೆ ದಿನ ಎಣಿಸಬೇಕು. ಜಪಾನಿನಲ್ಲಿ ಮನೆ ಸೇರಿದ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಕೊರಿಯಾದಲ್ಲಿ ವಿದೇಶಿ ನೋಂದಣಿಗೆ 90 ದಿನ. ಚೀನಾದಲ್ಲಿ ಝಡ್ ವೀಸಾದವರು (ಕೆಲಸದ ವೀಸಾ ಪಡೆದವರು) 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ವಾಸದ ಕಾರ್ಡ್ ಇಲ್ಲದೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಖಾತೆ ಇಲ್ಲದೆ ಸಂಬಳ ಬರುವುದು ಕಷ್ಟ. ಎರಡು ತಿಂಗಳ ಖರ್ಚಿನ ಹಣ ಜೊತೆಗಿಟ್ಟುಕೊಂಡೇ ಹೊರಡಿ.

ಇನ್ನು ತರಗತಿ. ಹೊಸಬರ ಪಾಠ ಬಹುಮಟ್ಟಿಗೆ ಕೆಡುವುದು ಸೂಚನೆ ಕೊಡುವಾಗ. ‘ಓಕೆ ಗೈಸ್, ವಾಟ್ ಐ ವುಡ್ ಲೈಕ್ ಯೂ ಟು ಡೂ ನೌ ಈಸ್’ ಎಂದು ಶುರುವಾದ ವಾಕ್ಯ ಮುಗಿಯುವುದರೊಳಗೆ ಆರಂಭಿಕ ಹಂತದವರು ದಾರಿ ತಪ್ಪಿರುತ್ತಾರೆ. ‘ಲಿಸನ್. ಟೂ ಪೀಪಲ್. ಯೂ ಆಸ್ಕ್, ಯೂ ಆನ್ಸರ್’ ಎಂದು ಕೈಸನ್ನೆ ಸಮೇತ ಹೇಳಿ, ಚುರುಕಾದ ಒಬ್ಬರನ್ನು ಎಬ್ಬಿಸಿ ಎಲ್ಲರೆದುರು ಒಮ್ಮೆ ಮಾಡಿ ತೋರಿಸಿ. ಹಾಳೆ ಹಂಚುವುದು ಆಮೇಲೆ. ಹಾಳೆ ಕೈಗೆ ಸಿಕ್ಕ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ‘ಡು ಯೂ ಅಂಡರ್‌ಸ್ಟ್ಯಾಂಡ್?’ ಎಂದು ಕೇಳಲೇಬೇಡಿ, ಅರ್ಥವಾಗದವರೂ ತಲೆಯಾಡಿಸುತ್ತಾರೆ. ‘ರೈಟಿಂಗ್ ಆರ್ ಸ್ಪೀಕಿಂಗ್?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಆ ಮೌನ ಇರಿಸುಮುರಿಸಾಗುತ್ತದೆ, ಆದರೂ ಬಾಯಿ ಹಾಕಬೇಡಿ. ಅವರು ಎರಡನೇ ಭಾಷೆಯಲ್ಲಿ ಉತ್ತರ ಕಟ್ಟುತ್ತಿದ್ದಾರೆ.

45 ನಿಮಿಷಕ್ಕೆ ಹೊಸ ಪದ ಆರರಿಂದ ಎಂಟು ಸಾಕು. ಹಿಂದಿನದರ ಮೆಲುಕಿಗೆ 5 ನಿಮಿಷ, ಹೊಸ ಪದಕ್ಕೆ 10, ಎಲ್ಲರೂ ಒಟ್ಟಾಗಿ ಹೇಳುವುದಕ್ಕೆ 10, ಜೋಡಿ ಮಾತಿಗೆ 15, ತಪ್ಪುಗಳನ್ನು ಬೋರ್ಡಿನಲ್ಲಿ ತಿದ್ದುವುದಕ್ಕೆ 5. ಪುಟ್ಟ ಮಕ್ಕಳಿಗೆ ಈ ಲೆಕ್ಕ ನಡೆಯದು, ಐದಾರು ನಿಮಿಷಕ್ಕೊಮ್ಮೆ ಚಟುವಟಿಕೆ ಬದಲಾಗಬೇಕು. ಪ್ರೊಜೆಕ್ಟರ್ ಕೈಕೊಡುವ ದಿನಕ್ಕೆಂದು ಬರೀ ಬೋರ್ಡಿನಲ್ಲಿ ಆಗುವ ಒಂದು ಆಟ ತಯಾರಿರಲಿ. ಗದ್ದಲವಾದರೆ ದನಿ ಏರಿಸಬೇಡಿ: ಕೈ ಎತ್ತಿ ಸುಮ್ಮನೆ ನಿಲ್ಲಿ, ಮಕ್ಕಳೂ ಕೈ ಎತ್ತಿ ಸುಮ್ಮನಾಗಬೇಕು ಎಂದು ಮೊದಲ ದಿನವೇ ಅಭ್ಯಾಸ ಮಾಡಿಸಿ. ದಿನಕ್ಕೆ ಆರು ಪೀರಿಯಡ್ ಕೂಗಿದರೆ ಎರಡೇ ವಾರದಲ್ಲಿ ಗಂಟಲು ಹೋಗುತ್ತದೆ.

ಕೆಲಸ ಬಿಡುವಾಗ, ಸೇರಿದ ಮತ್ತು ಬಿಟ್ಟ ದಿನಾಂಕವಿರುವ ಅನುಭವ ಪತ್ರವನ್ನು ಸಹಿ, ಮೊಹರಿನೊಂದಿಗೆ ಕೈಯಲ್ಲಿ ಪಡೆದೇ ಹೊರಡಿ. ಮುಂದಿನ ದೇಶದ ವೀಸಾಕ್ಕೆ ಬೇಕಾಗಬಹುದು. ಜಪಾನಿನಲ್ಲಿ ಪಿಂಚಣಿಗೆ ಕಟ್ಟಿದ ಹಣದ ಒಂದು ಭಾಗವನ್ನು ಒಟ್ಟಾಗಿ ವಾಪಸ್ ಪಡೆಯಬಹುದು, ಅರ್ಜಿಗೆ ದೇಶ ಬಿಟ್ಟ ಮೇಲೆ ಎರಡು ವರ್ಷದ ಗಡುವು.