ಬಾಲ ಕತ್ತರಿಸದ ಡೋಬರ್‌ಮನ್ ಮರಿಗಳು: ನನ್ನ ಅನುಭವ

ಉಡುಪಿ ಕಡೆ ಯಾರ ಮನೆಯಲ್ಲಾದರೂ ಡೋಬರ್‌ಮನ್ ಮರಿ ಉಂಟು ಅಂತ ಗೊತ್ತಾದರೆ, ಫೋನಿನಲ್ಲಿ ಬರುವ ಮೊದಲ ಪ್ರಶ್ನೆ ರೇಟಿನದ್ದಲ್ಲ. "ಬಾಲ ಕಟ್ ಆಗಿದ್ಯಾ?" ಅಂತ. ಈ ಜಾತಿಯ ನಾಯಿಗಳಲ್ಲಿ ಹೃದಯದ ಸ್ನಾಯು ಸೋಲುವ ಕಾಯಿಲೆ ಜಾಸ್ತಿ. ಮರಿಯ ಅಪ್ಪ ಅಮ್ಮನಿಗೆ ಹೃದಯದ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿದವರು ಇಲ್ಲಿಯವರೆಗೆ ಒಬ್ಬರೂ ಇಲ್ಲ. ಬಾಲದ ಬಗ್ಗೆ ಕೇಳದವರೂ ಇಲ್ಲ.

ನಾನು ಬ್ರಹ್ಮಾವರದ ಹತ್ತಿರ ಮನೆಯಲ್ಲೇ ಡೋಬರ್‌ಮನ್ ಸಾಕುತ್ತೇನೆ. ದೊಡ್ಡ ವ್ಯಾಪಾರ ಏನಲ್ಲ. ನೋಂದಣಿ ಮಾಡಿಸಿಕೊಂಡು, ಆಗೊಮ್ಮೆ ಈಗೊಮ್ಮೆ ಮರಿ ಹಾಕಿಸುತ್ತೇನೆ. ಮರಿಗಳ ಬಾಲ ಕತ್ತರಿಸುವುದಿಲ್ಲ. "ಹಾಗಾದರೆ ಮಾರಾಟ ಹೇಗೆ ಮಾರಾಯ್ರೆ?" ಅಂತ ಬೇರೆ ನಾಯಿ ಸಾಕುವವರು ಕೇಳುತ್ತಾ ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಗೊತ್ತಿರಬೇಕು. ಬಾಲ ಕತ್ತರಿಸುವುದು ಸಾಮಾನ್ಯವಾಗಿ ಮರಿಗೆ ಮೂರರಿಂದ ಐದು ದಿನ ಆಗುವಾಗ. ಆಗ ಮರಿ ಕಣ್ಣೇ ಬಿಟ್ಟಿರುವುದಿಲ್ಲ. ಒಂದೋ ಕತ್ತರಿ, ಇಲ್ಲದಿದ್ದರೆ ಬಿಗಿಯಾದ ರಬ್ಬರ್ ರಿಂಗ್. ರಿಂಗ್ ಹಾಕಿದರೆ ರಕ್ತ ಓಡಾಡದೆ ತುದಿ ಒಣಗಿ ಉದುರುತ್ತದೆ. ಹೆಚ್ಚಾಗಿ ಅರಿವಳಿಕೆ ಕೊಡುವುದಿಲ್ಲ. ಇನ್ನೊಂದು ಕಡೆ, 2017ರಲ್ಲಿ ಬಂದ ನಾಯಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದೆ ಮರಿ ಮಾರುವ ಹಾಗಿಲ್ಲ. ಅಂದರೆ ಗಿರಾಕಿ ಮರಿಯನ್ನು ನೋಡುವ ಹೊತ್ತಿಗೆ ಬಾಲದ ಕಥೆ ಮುಗಿದಿರುತ್ತದೆ. ಕತ್ತರಿಸಿದ್ದು ಸಾಕುವವನು. ಯಾಕೆ ಅಂದರೆ ಗಿರಾಕಿ ಕೇಳುತ್ತಾರೆ ಅಂತ. ಗಿರಾಕಿಯನ್ನು ಕೇಳಿದರೆ, "ಅದು ಹುಟ್ಟುವಾಗಲೇ ಹಾಗೆ ಅಲ್ವಾ?" ಅನ್ನುತ್ತಾರೆ. ತಮಾಷೆಯಲ್ಲ. ಡೋಬರ್‌ಮನ್ ಮೋಟು ಬಾಲದಲ್ಲೇ ಹುಟ್ಟುತ್ತದೆ ಅಂದುಕೊಂಡವರು ನಮ್ಮಲ್ಲಿ ತುಂಬ ಜನ ಇದ್ದಾರೆ.

ಹಾಗಾಗಿ ನಾನು ಮಾಡಿದ್ದು ಇಷ್ಟೇ. ಮಾತನ್ನು ಮರಿ ಹುಟ್ಟುವ ಮೊದಲಿಗೆ ತಂದೆ. ಡಾಕ್ಟ್ರು ಸ್ಕ್ಯಾನ್ ಮಾಡಿ ಮರಿ ಉಂಟು ಅಂದ ಮೇಲೆ ಬುಕಿಂಗ್ ತೆಗೆದುಕೊಳ್ಳುತ್ತೇನೆ. ಬುಕಿಂಗ್ ಮಾಡುವವರು ಮನೆಗೆ ಬರಲೇಬೇಕು. ಬಂದರೆ ಗೇಟಿನಲ್ಲಿ ಅವರಿಗೆ ಸಿಗುವುದು ಪೂರ್ತಿ ಬಾಲದ ತಾಯಿ ನಾಯಿ. ಮರಿ ದೊಡ್ಡದಾದ ಮೇಲೆ ಹೇಗೆ ಕಾಣುತ್ತದೆ ಅಂತ ನಾನು ವರ್ಣನೆ ಮಾಡಬೇಕಾಗಿಲ್ಲ. ಜರ್ಮನಿಯ ಡೋಬರ್‌ಮನ್‌ಗಳ ಫೋಟೋ ಕೂಡ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಈ ಜಾತಿಯನ್ನು ಬೆಳೆಸಿದ್ದು ಅಲ್ಲಿನ ಅಪೋಲ್ಡಾ ಎಂಬ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಡೋಬರ್‌ಮನ್ ಎಂಬವರು. ಅದೇ ಜರ್ಮನಿಯಲ್ಲಿ 1998ರಿಂದ ಇವುಗಳ ಬಾಲ ಕತ್ತರಿಸುವ ಹಾಗಿಲ್ಲ. ಹುಟ್ಟಿದ ಊರಿನಲ್ಲೇ ಬಾಲ ಇಟ್ಟುಕೊಂಡಿದೆ ಅಂದರೆ ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ.

ಉಳಿದ ಅರ್ಧದ ಜೊತೆ ಮಾತು ಉದ್ದ ಆಗುತ್ತದೆ. ನನಗೆ ಅತಿ ಕಷ್ಟವಾದದ್ದು ನೋವು, ಹಿಂಸೆ, ಕಾನೂನು ಯಾವುದೂ ಅಲ್ಲ. "ಇದು ಕ್ರಾಸ್ ಅಲ್ವಾ?" ಎಂಬ ಒಂದು ಪ್ರಶ್ನೆ. ಬಾಲ ಇದ್ದರೆ ಊರ ನಾಯಿಯ ರಕ್ತ ಸೇರಿದೆ ಅಂತ ಲೆಕ್ಕ. ದುಡ್ಡು ಕೊಟ್ಟು ತಂದ ಮರಿಯನ್ನು ನೆರೆಮನೆಯವರು "ಕಾಟು ನಾಯಿ" ಅಂದರೆ ಅಂತ ಭಯ. ಇದನ್ನು ನಗಾಡಿ ತಳ್ಳಿ ಹಾಕಿದರೆ ಗಿರಾಕಿ ವಾಪಸ್ ಬರುವುದಿಲ್ಲ. ನಾನು ಮರಿಯ ಅಪ್ಪ ಅಮ್ಮ ಎರಡಕ್ಕೂ ಕೆನಲ್ ಕ್ಲಬ್ ಕೊಟ್ಟ ವಂಶದ ಕಾಗದ ಮೇಜಿನ ಮೇಲೆ ಇಡುತ್ತೇನೆ. ಕಾಗದದಲ್ಲಿರುವ ನಂಬರೇ ನಾಯಿಯ ಚರ್ಮದಡಿಯ ಮೈಕ್ರೋಚಿಪ್‌ನಲ್ಲೂ ಉಂಟು ಅಂತ ಸ್ಕ್ಯಾನರ್‌ನಲ್ಲಿ ತೋರಿಸುತ್ತೇನೆ. ಜಾತಿ ಗೊತ್ತಾಗುವುದು ಇದರಲ್ಲಿ, ಬಾಲದಲ್ಲಿ ಅಲ್ಲ. ಕತ್ತರಿ ಇದ್ದರೆ ಯಾವ ಮರಿಯ ಬಾಲವನ್ನೂ ಮೋಟು ಮಾಡಬಹುದಲ್ಲ, ಹಾಗಾದರೆ ಮೋಟು ಬಾಲ ಯಾವುದಕ್ಕೆ ಸಾಕ್ಷಿ? ಇದನ್ನು ಕೇಳಿದ ಮೇಲೆ ಹೆಚ್ಚಿನವರಿಗೆ ಉತ್ತರ ಇರುವುದಿಲ್ಲ.

"ಕಳ್ಳ ಬಾಲ ಹಿಡಿದರೆ?" ಇದೂ ಇದ್ದೇ ಇರುತ್ತದೆ. ಓಡಿ ಬರುವ ಡೋಬರ್‌ಮನ್‌ನ ಹಿಂದೆ ಹೋಗಿ ಬಾಲ ಹಿಡಿಯುವ ಕಳ್ಳ ನಮ್ಮ ಜಿಲ್ಲೆಯಲ್ಲಿ ಇದ್ದರೆ ಅವನಿಗೆ ಸನ್ಮಾನ ಮಾಡಬೇಕು.

ಕಾನೂನಿನ ಮಾತನ್ನು ನಾನು ಜಾಸ್ತಿ ಎತ್ತುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಯ ಅಂಗ ಊನ ಮಾಡುವುದನ್ನು ಅಪರಾಧ ಅನ್ನುತ್ತದೆ. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ, ಇವಕ್ಕೆ ಅದರಲ್ಲೇ ವಿನಾಯಿತಿ ಉಂಟು. ನಾಯಿಯ ಬಾಲಕ್ಕೆ ಇಲ್ಲ. 2011ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತು ಬಾಲ, ಕಿವಿ ಕತ್ತರಿಸಬೇಡಿ ಅಂತ ವೈದ್ಯರಿಗೆ ಸೂಚನೆ ಕಳುಹಿಸಿತ್ತು. 2017ರ ನಿಯಮದಲ್ಲೂ ನಿಷೇಧ ಉಂಟು. ಆದರೆ 1960ರ ಕಾಯ್ದೆಯಲ್ಲಿ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಮದುವೆ ಸೀಸನ್‌ನಲ್ಲಿ ಶಂಕರಪುರ ಮಲ್ಲಿಗೆ ಒಂದು ಚೆಂಡು ತರಲಿಕ್ಕೂ ಅಷ್ಟು ಸಾಲದು. ಇದನ್ನು ತೋರಿಸಿ ಯಾರನ್ನು ಹೆದರಿಸುವುದು?

ನೋವಿನ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ ಮಾತಾಡುತ್ತೇನೆ. "ಅಷ್ಟು ಸಣ್ಣ ಮರಿಗೆ ಗೊತ್ತಾಗುವುದಿಲ್ಲ" ಅನ್ನುವ ಮಾತು ಹಳೆಯದು. ಆಸ್ಟ್ರೇಲಿಯಾದಲ್ಲಿ ಡೋಬರ್‌ಮನ್, ರಾಟ್‌ವೈಲರ್, ಬೂವಿಯೇ ಜಾತಿಯ 50 ಮರಿಗಳ ಬಾಲ ಕತ್ತರಿಸುವಾಗ ಕೂತು ಗಮನಿಸಿ 1996ರಲ್ಲಿ ವರದಿ ಮಾಡಿದ್ದಾರೆ. ಕತ್ತರಿಸುವ ಕ್ಷಣಕ್ಕೆ ಐವತ್ತೂ ಮರಿ ಕಿರುಚಿದವು. ಆಮೇಲೆ ಸರಾಸರಿ ಎರಡು ಚಿಲ್ಲರೆ ನಿಮಿಷದಲ್ಲಿ ಸುಮ್ಮನಾದವು ಅಂತಲೂ ಅದರಲ್ಲಿ ಉಂಟು. ಕತ್ತರಿಸುವ ಪರ ಇರುವವರು ಹಿಡಿದುಕೊಳ್ಳುವುದು ಈ ಎರಡನೇ ಮಾತನ್ನು. ಸರಿ, ಸುಮ್ಮನಾಗಲಿ. ಕಿರುಚುವಂಥದ್ದು ಮಾಡಿದ್ದು ಯಾಕೆ ಎನ್ನುವುದಕ್ಕೆ ಅದು ಉತ್ತರ ಅಲ್ಲ.

ಗಂಭೀರವಾಗಿ ತೆಗೆದುಕೊಳ್ಳಬೇಕಾದ ವಾದ ಒಂದೇ. ಬಾಲಕ್ಕೆ ಗಾಯ ಆಗುತ್ತದೆ ಎನ್ನುವುದು. ಹೆಬ್ರಿ, ಕಾರ್ಕಳ ಕಡೆಯ ತೋಟದವರು ಇದನ್ನು ಹೇಳಿದರೆ ನಾನು ಕೂತು ಕೇಳುತ್ತೇನೆ. ಮುಳ್ಳು, ಪೊದೆ, ತಂತಿ ಬೇಲಿ, ಮಳೆಗಾಲ. ಬೇಟೆ ನಾಯಿಗಳಲ್ಲಿ ಇದು ನಿಜವಾದ ತೊಂದರೆ. ಸ್ಕಾಟ್ಲೆಂಡ್ 2007ರಲ್ಲಿ ಬಾಲ ಕತ್ತರಿಸುವುದನ್ನು ಪೂರ್ತಿ ನಿಲ್ಲಿಸಿತ್ತು. ಹತ್ತು ವರ್ಷದ ನಂತರ ಪೊದೆಗೆ ನುಗ್ಗಿ ಕೆಲಸ ಮಾಡುವ ಸ್ಪಾನಿಯಲ್‌ಗಳಿಗೆ ಮತ್ತು ಕೆಲವು ಬೇಟೆ ಜಾತಿಗಳಿಗೆ ಬಾಲದ ಒಂದು ಭಾಗ ಕತ್ತರಿಸಲು ಮತ್ತೆ ಅವಕಾಶ ಕೊಟ್ಟಿತು. ಆದರೆ ಸಾಮಾನ್ಯ ನಾಯಿಗಳ ಲೆಕ್ಕ ಬೇರೆ. ಬ್ರಿಟನ್‌ನಲ್ಲಿ ಒಂದು ಲಕ್ಷದ ಮೂವತ್ತೆಂಟು ಸಾವಿರ ನಾಯಿಗಳ ದಾಖಲೆ ತೆಗೆದು ನೋಡಿದಾಗ 281 ಬಾಲದ ಗಾಯ ಸಿಕ್ಕಿತು. ಒಂದು ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು ಅಂತ 2010ರ ಆ ಅಧ್ಯಯನ ಹೇಳುತ್ತದೆ. ಗೂಡಿನಲ್ಲಿ ಇಟ್ಟು ಸಾಕಿದ ನಾಯಿಗಳಿಗೆ ಗಾಯ ಜಾಸ್ತಿ ಅಂತಲೂ ಅದರಲ್ಲಿ ಕಂಡಿದೆ.

ಇದು ನನ್ನ ಮನೆಯಲ್ಲೇ ಕಂಡ ಸತ್ಯ. ಡೋಬರ್‌ಮನ್ ಬಾಲ ತೆಳ್ಳಗೆ, ಚಾಟಿ ಇದ್ದ ಹಾಗೆ. ತುದಿಯಲ್ಲಿ ರೋಮವೂ ಇಲ್ಲ, ಮಾಂಸವೂ ಇಲ್ಲ. ನಮ್ಮ ನಾಯಿಗೂಡು ಕೆಂಪುಕಲ್ಲಿನದ್ದು, ಗಾರೆ ಮಾಡಿರಲಿಲ್ಲ. ಊಟದ ತಟ್ಟೆ ಕಂಡರೆ ನಮ್ಮ ತಾಯಿ ನಾಯಿ ಬಾಲ ಬೀಸುವುದು, ಬಾಲ ಗೋಡೆಗೆ ಉಜ್ಜುವುದು. ಒಂದು ದಿನ ತುದಿ ಒಡೆಯಿತು. ಬಾಲದ ತುದಿಯ ಗಾಯ ಸಣ್ಣದೇ. ಆದರೆ ಬೀಸುವಾಗ ರಕ್ತ ಗೋಡೆ, ಮಾಡು, ನಮ್ಮ ಬಟ್ಟೆ ಎಲ್ಲ ಕಡೆ ಸಿಡಿಯುತ್ತದೆ. ನೋಡಿದವರು ಕೊಲೆ ಆಗಿದೆ ಅಂದುಕೊಳ್ಳಬೇಕು.

ಮಳೆಗಾಲ ಆದ್ದರಿಂದ ನನಗೆ ಭಯ ಇದ್ದದ್ದು ಹುಳ ಬೀಳುವುದರದ್ದು. ಒದ್ದೆ ಗಾಯ, ನೊಣ, ಎರಡು ದಿನ ಸಾಕು. ಡಾಕ್ಟ್ರು ಹೇಳಿದ ಹಾಗೆ ದಿನಾ ತೊಳೆದು, ಒಣಗಿಸಿ, ಅಂಟದ ಬಟ್ಟೆ ಇಟ್ಟು ಸಡಿಲವಾಗಿ ಸುತ್ತಿದೆ. ಬಿಗಿ ಕಟ್ಟಿದರೆ ರಕ್ತ ನಿಂತು ತುದಿಯೇ ಸಾಯುತ್ತದೆ. ಮೇಲೆ ಪೈಪಿಗೆ ಹಾಕುವ ಸ್ಪಂಜಿನ ಕೊಳವೆಯ ತುಂಡು ತೊಡಿಸಿ ಟೇಪ್ ಹಾಕಿದೆ, ಬಡಿದರೂ ಪೆಟ್ಟಾಗದ ಹಾಗೆ. ಕಚ್ಚಿ ಕೀಳದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್. ಇದಕ್ಕಿಂತ ಮುಖ್ಯವಾದದ್ದು ಗೋಡೆ. ನಾಲ್ಕು ಅಡಿ ಎತ್ತರಕ್ಕೆ ನುಣ್ಣಗೆ ಗಾರೆ ಮಾಡಿಸಿದೆ. ತಟ್ಟೆಯನ್ನು ಮೂಲೆಯಿಂದ ನಡುವಿಗೆ ತಂದೆ. ಗೂಡಿನ ಬಾಗಿಲಲ್ಲಿ ನಿಂತು ಅವಳನ್ನು ಮಾತಾಡಿಸುವುದನ್ನು ಮನೆಯವರೆಲ್ಲ ನಿಲ್ಲಿಸಿದೆವು. ಹೊರಗೆ ಬಿಟ್ಟು ಮಾತಾಡಿಸಿದರೆ ಬಾಲಕ್ಕೆ ಗಾಳಿ ಮಾತ್ರ ಸಿಗುತ್ತದೆ. ಗಾಯ ಮತ್ತೆ ಆಗಲಿಲ್ಲ. ಆಗಿ, ಮಾಸದೇ ಉಳಿದಿದ್ದರೆ ಅರಿವಳಿಕೆ ಕೊಟ್ಟು ತುದಿ ತೆಗೆಸುತ್ತಿದ್ದೆ. ಅದು ಚಿಕಿತ್ಸೆ. ಹುಟ್ಟಿದ ಎಲ್ಲ ಮರಿಗೂ ಮುಂಚಿತವಾಗಿ ಮಾಡುವುದು ಚಿಕಿತ್ಸೆ ಅಲ್ಲ.

ಇದನ್ನೆಲ್ಲ ಮರಿ ಕೊಡುವಾಗ ಬರೆದೇ ಕೊಡುತ್ತೇನೆ. ಜೊತೆಗೆ ಇನ್ನೊಂದು ಸಾಲು ಉಂಟು. ಮಲ್ಪೆಯಲ್ಲೋ ಮರವಂತೆಯಲ್ಲೋ ನಾಯಿಯನ್ನು ಚೆನ್ನಾಗಿ ಈಜಿಸಿದ ಮರುದಿನ ಬಾಲ ಬಟ್ಟೆಯ ಹಾಗೆ ಜೋತು ಬಿದ್ದರೆ ಮುರಿದಿದೆ ಅಂತ ಗಾಬರಿ ಬೇಡ, ಸ್ನಾಯು ಸೋತಿರಬಹುದು, ಡಾಕ್ಟ್ರಿಗೆ ತೋರಿಸಿ, ಸಾಮಾನ್ಯವಾಗಿ ಕೆಲವು ದಿನದಲ್ಲಿ ಸರಿಯಾಗುತ್ತದೆ ಅಂತ.

ಬಾಲ ಇದ್ದರೆ ಏನು ಲಾಭ ಅಂತ ಕೇಳುವವರಿಗೆ ಬೀದಿಗೆ ಕರೆದುಕೊಂಡು ಹೋಗಿ ಅನ್ನುತ್ತೇನೆ. ನಮ್ಮ ಬೀದಿನಾಯಿಗಳು ದೂರದಿಂದ ಮೊದಲು ನೋಡುವುದು ಬಾಲ. ಕೆನಡಾದಲ್ಲಿ ಆಟಿಕೆ ನಾಯಿಗೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಹಾಕಿ ಪಾರ್ಕಿನಲ್ಲಿ ಬಿಟ್ಟು ನೋಡಿದ್ದಾರೆ. ಉದ್ದ ಬಾಲ ಬೀಸಿದಾಗ ದೊಡ್ಡ ನಾಯಿಗಳು ಧೈರ್ಯವಾಗಿ ಹತ್ತಿರ ಬಂದವು, ಮೋಟು ಬಾಲದ ಮನಸ್ಸು ಅವಕ್ಕೆ ತಿಳಿಯಲಿಲ್ಲ. ನಮಗೂ ಅಷ್ಟೇ. ಅವಳ ಬಾಲ ಗಟ್ಟಿಯಾಗಿ ಮೇಲೆ ನಿಂತರೆ ನಾನು ಹಗ್ಗ ಗಿಡ್ಡ ಮಾಡುತ್ತೇನೆ. ನಷ್ಟವೂ ಉಂಟು. ಟೀಪಾಯಿ ಮೇಲೆ ಕಾಫಿ ಲೋಟ ಇಡುವ ಹಾಗಿಲ್ಲ, ಅಮ್ಮನ ಬೈಗುಳ ಬೇರೆ.

ಮರಿಗಳೆಲ್ಲ ಮಾರಾಟವಾದವು. ಮೋಟು ಬಾಲದ ಮರಿಗಳಿಗಿಂತ ಸ್ವಲ್ಪ ನಿಧಾನವಾಗಿ ಹೋದವು. "ಬಾಲ ಉಂಟಲ್ಲ, ರೇಟ್ ಕಮ್ಮಿ ಮಾಡಿ" ಅಂದವರಿಗೆ ಕೊಡಲಿಲ್ಲ.

ಈಗ ತಲೆನೋವು ಕಿವಿಯದ್ದು. ನೆಟ್ಟಗೆ ನಿಲ್ಲಲಿ ಅಂತ ಅದನ್ನೂ ಕತ್ತರಿಸುತ್ತಾರೆ. ಬೀದಿನಾಯಿಗೆ ಸಂತಾನಹರಣ ಆಪರೇಷನ್ ಮಾಡಿ ಕಿವಿ ತುದಿ ಕತ್ತರಿಸುತ್ತಾರಲ್ಲ, ಅದಕ್ಕೆ ಯಾರೂ ಏನೂ ಹೇಳುವುದಿಲ್ಲ ಅಂತ ಒಬ್ಬರು ವಾದ ಮಾಡಿದರು. ಅದು ನಾಯಿಗೆ ಪ್ರಜ್ಞೆ ಇಲ್ಲದಾಗ ಮಾಡುವುದು. ಗುರುತು ಇದ್ದರೆ ಮತ್ತೆ ಹಿಡಿದು ಹೊಟ್ಟೆ ಕೊಯ್ಯುವುದಿಲ್ಲ, ನಾಯಿಗೇ ಒಳ್ಳೆಯದು. ಡೋಬರ್‌ಮನ್ ಕಿವಿ ನೆಟ್ಟಗೆ ನಿಲ್ಲಿಸಿದರೆ ನಾಯಿಗೆ ಏನು ಸಿಗುತ್ತದೆ? ಆದರೆ ಬಾಲ ನನ್ನ ಕೈಯಲ್ಲಿತ್ತು, ಕಿವಿ ಇಲ್ಲ. ಕಿವಿ ಕತ್ತರಿಸುವುದು ಹೆಚ್ಚಾಗಿ ಎರಡು ತಿಂಗಳು ಕಳೆದ ಮೇಲೆ, ಅಂದರೆ ಮರಿ ನಮ್ಮ ಗೇಟು ದಾಟಿದ ಮೇಲೆ. ಕತ್ತರಿಸುವುದಿಲ್ಲ ಅಂತ ಕಾಗದದಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ಆದರೂ ಒಂದು ಮರಿಯ ಕಿವಿ ಹೋಯಿತು. ಆ ಮರಿ ತೆಗೆದುಕೊಂಡವರು ಎರಡನೇ ಮರಿಗೆ ಬುಕಿಂಗ್ ಮಾಡಲು ಫೋನ್ ಮಾಡಿದ್ದರು. ಇಲ್ಲ ಅಂದೆ.