ತಟ್ಟಿಯ ಒಂದು ಅಂಕಣ

ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ನಮ್ಮ ಮನೆಗೆ ಮಳೆಗಾಲದಲ್ಲಿ ಬರುವವರು ಕಡಿಮೆ, ನಾವು ಹೊರಡುವುದು ಇನ್ನೂ ಕಡಿಮೆ. ಹೀಗಾಗಿ 2021ರ ಏಪ್ರಿಲ್ ಕೊನೆಗೆ ಕೊರೊನಾದಿಂದ ಮತ್ತೆ ಲಾಕ್‌ಡೌನ್ ಎಂದಾಗ ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಅಕ್ಕಿ, ಬೆಲ್ಲ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಗಿಸಿದ ಮುರುಗಲ ಸಿಪ್ಪೆ ಎಲ್ಲವೂ ಮಳೆಗೆ ಮೊದಲೇ ಅಟ್ಟ ಸೇರುವುದು ಇಲ್ಲಿಯ ರೂಢಿ. ಊಟಕ್ಕೆ ತೊಂದರೆಯಾಗದು ಎಂದುಕೊಂಡೆ. ಆಗಲೂ ಇಲ್ಲ. ಕಾಡಿದ್ದು ಥಂಡಿ ಮತ್ತು ತೇವ.

ಜೂನ್‌ನಲ್ಲಿ, ಬೆಂಗಳೂರಿನಿಂದ ಬಂದಿದ್ದ ಮಗನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಪಾಸಿಟಿವ್. ಅಂಗಳದಾಚೆಯ ಕೋಣೆಗೆ ಶೌಚಾಲಯವೂ ಇದ್ದುದರಿಂದ ಅಲ್ಲಿಯೇ ಬೇರೆ ಇಟ್ಟೆವು. ಕಿಟಕಿ ತೆರೆದಿರಲಿ, ಗಾಳಿಯಾಡಲಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಜಗಲಿಯ ಮುಂದೆ ಮಳೆ ತಡೆಯಲು ಅಡಿಕೆ ಸೋಗೆಯ ತಟ್ಟಿ (ಮರೆ) ಕಟ್ಟಿ, ಕಿಟಕಿ ಜಡಿದು ನಾಲ್ಕು ತಿಂಗಳು ಕಳೆಯುವವರು ನಾವು. ಮೊದಲ ರಾತ್ರಿಯೇ ಇರಚಲು ಬಡಿದು ಹಾಸಿಗೆ ಒದ್ದೆಯಾಯಿತು. ಮರುದಿನ ಪಡುವಣ ಕಿಟಕಿಗೆ ಪ್ಲಾಸ್ಟಿಕ್ ಹೊಡೆದು, ಮಳೆಗಾಳಿ ಬೀಸದ ಮೂಡಣ ಕಿಟಕಿಯನ್ನು ಪೂರ್ತಿ ತೆರೆದೆವು. ಮಂಚವನ್ನು ನಡುವಿಗೆ ಎಳೆದೆವು. ಇಷ್ಟು ಹೊಳೆಯುವುದಕ್ಕೆ ಒಂದು ಹಾಸಿಗೆ ಹಾಳಾಗಬೇಕಾಯಿತು.

ಬೇವು, ಅರಿಶಿನದ ಹೊಗೆ ಹಾಕಿ ಎಂದು ನೆಂಟರೆಲ್ಲ ಹೇಳಿದರು. ಹಾಕಿದೆ. ಕೆಮ್ಮು ಇಮ್ಮಡಿಯಾಯಿತು, ಅಂದೇ ಬಿಟ್ಟೆ. ಶುಂಠಿ, ಕಾಳುಮೆಣಸಿನ ಕಷಾಯ ಮಾತ್ರ ಕೊಡುತ್ತಿದ್ದೆ. ರೋಗ ಹೋಗುತ್ತದೆ ಎಂದಲ್ಲ, ಗಂಟಲಿಗೆ ಹಿತ ಎಂದು.

ನಿಜವಾಗಿ ಹೆದರಿದ್ದು ಮೂರನೆಯ ಸಂಜೆ. ಆಶಾ ಕಾರ್ಯಕರ್ತೆ ತಂದುಕೊಟ್ಟಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 89 ತೋರಿಸಿತು. 94ಕ್ಕಿಂತ ಇಳಿದರೆ ಆಸ್ಪತ್ರೆ ಎಂದು ಅವರು ಹೇಳಿಹೋಗಿದ್ದರು. ಇವರು, ನನ್ನ ಯಜಮಾನರು, ಜೀಪಿನವನಿಗೆ ಫೋನು ಹಚ್ಚಿದರು, ನಾನು ಆಶಾ ಕಾರ್ಯಕರ್ತೆಗೆ. ಆಕೆ ಕೇಳಿದ್ದು ಒಂದೇ ಮಾತು: "ಅಕ್ಕ, ಅವನ ಕೈ ತಣ್ಣಗಿದೆಯೇ?" ಮಂಜುಗಡ್ಡೆಯಂತಿತ್ತು. ಬಿಸಿನೀರಿನ ಲೋಟ ಹಿಡಿಸಿ, ಅಂಗೈ ಉಜ್ಜಿ, ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೆ 97. ಬೆರಳು ತಣ್ಣಗಿದ್ದರೆ ರಕ್ತ ಅಲ್ಲಿಗೆ ಸರಿಯಾಗಿ ಹರಿಯದೆ ಯಂತ್ರ ತಪ್ಪು ಲೆಕ್ಕ ಕೊಡುತ್ತದಂತೆ. ಅಂದಿನಿಂದ ದಿನಕ್ಕೆ ಮೂರು ಸಲ, ಕೈ ಬೆಚ್ಚಗಾದ ಮೇಲೆಯೇ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು. ಆದರೆ ಬೆಚ್ಚಗಾದ ಮೇಲೂ ಅಂಕಿ ಏರದಿದ್ದರೆ ಮಾತ್ರ ಕಾಯಬಾರದು. ಅದಕ್ಕೆಂದೇ ಜೀಪಿನವನಿಗೆ ತಯಾರಾಗಿರಲು ಹೇಳಿದ್ದೆವು.

ಬಟ್ಟೆ ಮಾಸ್ಕು ಒಣಗಿಸುವುದು ಇನ್ನೊಂದು ಪಾಡು. ಒದ್ದೆ ಮಾಸ್ಕು ಹಾಕಿದರೆ ಉಸಿರು ಕಟ್ಟುತ್ತದೆ. ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ನೇತುಹಾಕಿದೆ. ಆ ಮಳೆಗಾಲವಿಡೀ ನಮ್ಮ ಮುಖಕ್ಕೆಲ್ಲ ಅಡಿಕೆ ಸಿಪ್ಪೆಯ ಹೊಗೆವಾಸನೆ.

ಅತ್ತೆಗೆ ಎಂಬತ್ತೆರಡು. ರೋಗಕ್ಕೆ ಹೆದರದವರು, ಮೊಮ್ಮಗನನ್ನು ನೋಡದೆ ಊಟ ಬಿಟ್ಟರು. ಜಗಲಿಯಲ್ಲಿ ಕುಳಿತರೆ ಎದುರಿಗೆ ತಟ್ಟಿಯೇ ತಟ್ಟಿ. ಐದನೆಯ ದಿನ ಇವರು ಒಂದು ಅಂಕಣದ, ಎಂದರೆ ಎರಡು ಕಂಬಗಳ ನಡುವಿನ, ತಟ್ಟಿ ಬಿಚ್ಚಿದರು. ಅಲ್ಲಿಂದ ಅಂಗಳದಾಚೆಯ ಬಾಗಿಲು ಕಾಣುತ್ತಿತ್ತು. ಸಂಜೆ ಐದಕ್ಕೆ ಅತ್ತೆ ಕಂಬಳಿ ಹೊದ್ದು ಕುಳಿತು, "ತಮ್ಮಾ, ಉಂಡೆಯಾ?" ಎಂದು ಕೂಗುತ್ತಿದ್ದರು. ಮಳೆಯ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಅವನು ಕೈ ಎತ್ತುತ್ತಿದ್ದ. ಆಮೇಲೆ ಅತ್ತೆ ಉಣ್ಣುತ್ತಿದ್ದರು.

ಅವನು ಗುಣವಾದ. ಜುಲೈ ಕೊನೆಗೆ ಪುಷ್ಯ ಮಳೆ ಸುರಿಯಿತು. ಗಂಗಾವಳಿ ನದಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಗಿದೆ, ಕಳಚೆಯಲ್ಲಿ ಗುಡ್ಡ ಕುಸಿದಿದೆ ಎಂಬ ಸುದ್ದಿ ನಮಗೆ ತಲುಪಿದ್ದು ತಡವಾಗಿ; ಕರೆಂಟಿಲ್ಲದೆ ಫೋನುಗಳೆಲ್ಲ ಸತ್ತಿದ್ದವು. ಅಡಿಕೆ ಮರ ಹತ್ತುವ ಕೊನೆಗೌಡನ ಮನೆಯಲ್ಲೂ ಜ್ವರವಾಗಿ ಬೋರ್ಡೋ ಔಷಧದ ಎರಡನೆಯ ಸಿಂಪಡಣೆ ತಪ್ಪಿ, ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಂತು. ಅದರ ಲೆಕ್ಕ ಇವರನ್ನೇ ಕೇಳಬೇಕು.

ಮುಂದಿನ ವರ್ಷ ತಟ್ಟಿ ಕಟ್ಟುವಾಗ ಆ ಅಂಕಣವನ್ನು ಹಾಗೆಯೇ ಬಿಟ್ಟೆವು. ಇರಚಲು ಬರುತ್ತದೆ ಎಂದು ಅತ್ತೆ ಗೊಣಗಿದರು. ಕುರ್ಚಿಯನ್ನು ಮಾತ್ರ ಅಲ್ಲಿಯೇ ಹಾಕಿಸಿಕೊಂಡರು.